ಮಗಳ ಅತ್ತಿಗೆ

ವಕೀಲೆ ದಾಮಿರಾ ಎಜೆ ನನ್ನ ಮಾವನ ಹೆಸರು ಕೇಳಿದರು. ನಾನು ತಲೆ ತಗ್ಗಿಸಿ ಕೂತೆ.

ಕೈಯಲ್ಲಿ ಏನೂ ಇಲ್ಲದವರಿಗೆ ಸರ್ಕಾರ ಕೊಡುವ ವಕೀಲರಲ್ಲಿ ಅವರೊಬ್ಬರು. ಪೇಟೆಯ ಹಳೆಯ ಗ್ರಂಥಾಲಯದ ಹಿಂದಿನ ಕೋಣೆಯೇ ಅವರ ಕಚೇರಿ. ಒಲೆ ಉರಿಯುತ್ತಿದ್ದರೂ ಕಿಟಕಿ ಗಾಜಿನ ಒಳಮೈಯಲ್ಲಿ ಹಿಮ ಕಟ್ಟಿತ್ತು. ಹಿರಿಯ ಹೆಂಗಸರನ್ನು ನಾವು ಎಜೆ, ಅಂದರೆ ಅಕ್ಕ, ಎನ್ನುತ್ತೇವೆ. ಇವರು ಐವತ್ತು ದಾಟಿದ ದಪ್ಪ ಹೆಂಗಸು. ಉಣ್ಣೆಯ ಬೂಟು ಬಿಚ್ಚದೆ ಕೂತಿದ್ದರು. ಮೇಜಿನ ಮೂಲೆಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಗುಡ್ಡೆಯಾಗಿತ್ತು.

“ಗಂಡನ ಹೆಸರು ಉಲಾರ್ ಅಂದೆ. ಅವನ ಅಪ್ಪನ ಹೆಸರೇನು? ಅರ್ಜೀಲಿ ಬರೀಬೇಕು.”

“ಹೇಳೋ ಹಾಗಿಲ್ಲ, ಎಜೆ.”

“ಯಾಕೆ, ಕಳ್ಳನಾ?”

“ಅಯ್ಯೋ ಅಲ್ಲ. ಮಾವ.”

ಎಜೆ ಪೆನ್ನು ಕೆಳಗಿಟ್ಟರು. ನಾನು ಮೆಲ್ಲಗೆ ಹೇಳಿದೆ. “ಮೇಯೋಕೆ ಹೋಗ್ತಾವಲ್ಲ, ಬ್ಯಾ ಅಂತಾವಲ್ಲ, ಅದರ ಮರಿ. ಮುಂದಕ್ಕೆ ಬೆಕ್ ಅಂತ ಸೇರಿಸ್ಕೊಳ್ಳಿ.”

“ಕೋಜುಬೆಕ್,” ಎಂದು ಅವರು ಬರೆದುಕೊಂಡರು. ಕೋಜು ಅಂದರೆ ಕುರಿಮರಿ. “ಹಂಗಾದ್ರೆ ಮನೇಲಿ ಕುರಿಮರೀನ ಏನಂತ ಕರೀತಿದ್ದೆ?”

“ಬ್ಯಾ ಅನ್ನೋದು ಅಂತ.”

“ಕುರಿ ಸಾಕೋ ಮನೇಲಿ ಸೊಸೆಯಾಗಿದ್ದು, ಕುರಿಮರಿ ಅನ್ನದೆ ಇಷ್ಟು ವರ್ಷ ಕಳೆದ್ಯಾ. ಇವಳನ್ನ ಕಟ್ಕೊಂಡು ನಾನು ಕೋರ್ಟಿಗೆ ಹೋಗ್ಬೇಕು.” ಎಜೆ ನಗಲಿಲ್ಲ. “ವಿಚ್ಛೇದನ ಸಿಗುತ್ತೆ. ಅದು ಕಷ್ಟ ಅಲ್ಲ. ಬೇರೆ ಏನು ಬೇಕು ನಿಂಗೆ?”

“ಸಾಯ್ಕಾಲ್. ನನ್ನ ಮಗಳು.”

“ಎಲ್ಲಿದಾಳೆ?”

“ಅಮ್ಮನ ಹತ್ರ.”

“ನಿಮ್ಮಮ್ಮನ ಹತ್ರಾನಾ?”

“ಅಲ್ಲ, ಅವಳ ಅಮ್ಮನ ಹತ್ರ. ಅಂದ್ರೆ, ನಮ್ಮತ್ತೆ.”

ಎಜೆಗೆ ಅರ್ಥವಾಯಿತು. ನಮ್ಮ ಸೀಮೆಯಲ್ಲಿ ಯಾರಿಗೇ ಆದರೂ ಅರ್ಥವಾಗುತ್ತದೆ. ಒಲೆಯ ಬಾಗಿಲು ತೆಗೆದು ಒಂದು ಬೆರಣಿ ಹಾಕಿ ಬಂದು, “ಮೊದಲನೇದಾ?” ಎಂದಷ್ಟೇ ಕೇಳಿದರು.

“ಮೊದಲನೇದು. ಇನ್ನೊಂದಿಲ್ಲ.”

ಮೊದಲ ಮಗು ಗಂಡನ ಅಪ್ಪ ಅಮ್ಮನದು. ನಮ್ಮತ್ತೆಯ ಮೊದಲ ಮಗುವನ್ನು, ಅಂದರೆ ಉಲಾರ್‌ನನ್ನು, ಅವರ ಅತ್ತೆ ಬೆಳೆಸಿದ್ದರು. ಸಾಯ್ಕಾಲ್ ಹುಟ್ಟಿದಾಗ ನನಗೆ ಹದಿನೆಂಟು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು, ಅಪ್ಪ ಅಮ್ಮ ತೀರಿಕೊಂಡ ಮನೆಯಲ್ಲಿ ಅಣ್ಣಂದಿರಿಗೆ ಅಡುಗೆ ಮಾಡಿಕೊಂಡಿದ್ದು, ಅಲ್ಲಿಂದ ಆ ಮನೆಗೆ ಹೋದವಳು. ಬಾಣಂತಿತನದ ನಲವತ್ತು ದಿನ ಮುಗಿದ ಮೇಲೆ ನೆಂಟರನ್ನೆಲ್ಲ ಕರೆದರು. ಮಗುವಿಗೆ ಸ್ನಾನ ಮಾಡಿಸಿ ತಂದು ಅತ್ತೆಯ ಮಡಿಲಲ್ಲಿ ಮಲಗಿಸಿದೆ. ಯಾರೂ ಕಿತ್ತುಕೊಳ್ಳಲಿಲ್ಲ. ಯಾರೂ ಕೇಳಲೂ ಇಲ್ಲ. ಅತ್ತೆ ನನ್ನ ಹಣೆಗೆ ಮುತ್ತಿಟ್ಟು ಹೊಸ ಬಿಳಿ ಸ್ಕಾರ್ಫ್ ಕಟ್ಟಿದರು. ಹಾಲು ಕೊಡುವುದು ಮಾತ್ರ ನನ್ನ ಕೆಲಸವಾಯಿತು. ನಾನು ಹಾಲು ಕೊಡುವಷ್ಟು ಹೊತ್ತೂ ಅತ್ತೆ ಪಕ್ಕದಲ್ಲೇ ಕೂತು ಮಗುವಿನ ಪಾದ ಹಿಡಿದುಕೊಂಡಿರುತ್ತಿದ್ದರು. ಕುಡಿದು ಮುಗಿಸಿದ ಕೂಡಲೇ ಎತ್ತಿಕೊಂಡು ತಮ್ಮ ಕೌದಿಯೊಳಗೆ ಮಲಗಿಸಿಕೊಳ್ಳುತ್ತಿದ್ದರು.

ಮಗು ಮಾತು ಕಲಿತಾಗ ಅತ್ತೆಯನ್ನು ಅಮ್ಮ ಎಂದಿತು, ಮಾವನನ್ನು ಅಪ್ಪ ಎಂದಿತು. ಉಲಾರ್ ಅಣ್ಣನಾದ. ಅಣ್ಣನ ಹೆಂಡತಿ ನಾನು. ಸಾಯ್ಕಾಲ್ ನನ್ನನ್ನು ಅತ್ತಿಗೆ ಎಂದು ಕರೆದಳು.

ಉಲಾರ್ ರಷ್ಯಾಕ್ಕೆ ಕಟ್ಟಡದ ಕೆಲಸಕ್ಕೆ ಹೋದ. ಮೊದಮೊದಲು ಫೋನು ಬರುತ್ತಿತ್ತು. “ನನ್ನ ತಂಗಿ ಹೇಗಿದಾಳೆ?” ಎಂದು ಮಗಳನ್ನು ವಿಚಾರಿಸುತ್ತಿದ್ದ. ತಮಾಷೆಗಲ್ಲ. ಅವನಿಗೆ ಅವಳು ತಂಗಿಯೇ ಆಗಿಬಿಟ್ಟಿದ್ದಳು. ಆಮೇಲೆ ಅಲ್ಲಿ ಒಬ್ಬ ಹೆಂಗಸು, ಒಂದು ಗಂಡು ಮಗು. ಒಂದು ದಿನ ಅಪ್ಪನಿಗೆ ಫೋನು ಮಾಡಿ, “ಜಿಪಾರ್‌ಗೆ ಹೇಳಿ, ಅವಳ ದಾರಿ ಅವಳು ನೋಡ್ಕೊಳ್ಳಲಿ,” ಎಂದ. ನನ್ನ ಜೊತೆ ಮಾತಾಡಲಿಲ್ಲ.

ಅತ್ತೆ ಮಾವ ನನ್ನನ್ನು ಹೊರಗೆ ಹಾಕಲಿಲ್ಲ. ಮಗಳ ಹಾಗೆ ಇದ್ದುಬಿಡು ಎಂದರು. ನಾನೇ ಹೊರಟೆ. ತವರಿನ ಪೆಟ್ಟಿಗೆ, ತವರಿನ ಕೌದಿಗಳನ್ನು ಅತ್ತೆಯೇ ಹೊರಗೆ ತೆಗೆಸಿಟ್ಟು, ಧೂಳು ಕೊಡವಿಸಿ, ಗಾಡಿಗೆ ಹಾಕಿಸಿದರು. ಕೊನೆಗೆ ನಾನು, “ಸಾಯ್ಕಾಲ್ ಬಟ್ಟೆ ಎಲ್ಲಿದೆ, ಅಮ್ಮ?” ಎಂದೆ.

“ನನ್ನ ಮಗಳ ಬಟ್ಟೆ ನಿಂಗ್ಯಾಕೆ?” ಎಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

ಇಷ್ಟೆಲ್ಲವನ್ನೂ ನಾನು ಎಜೆಗೆ ಒಂದೇ ಉಸಿರಿಗೆ ಹೇಳಲಿಲ್ಲ. ಅವರು ಕೇಳಿದಂತೆಲ್ಲ ಒಂದೊಂದೇ ಮಾತು ಹೊರಬಂತು.

“ಕಾನೂನು ನಿನ್ನ ಕಡೆ ಇದೆ,” ಎಂದರು ಎಜೆ. “ಜನನ ಪತ್ರದಲ್ಲಿ ತಾಯಿ ಅಂತ ನಿನ್ನ ಹೆಸರಿದೆ. ಅಜ್ಜಿ ತಾತ ಎಷ್ಟೇ ಸಾಕಿದ್ರೂ ಅವರ ಹಕ್ಕು ತಾಯಿ ಆದ್ಮೇಲೇನೇ. ಆದ್ರೆ ನ್ಯಾಯಾಧೀಶರು ಕಾಗದಾನೊಂದೇ ನೋಡಲ್ಲ. ಮಕ್ಕಳ ಕಚೇರಿಯಿಂದ ಒಬ್ರು ಬಂದು ಮಗೂನ ಮಾತಾಡಿಸ್ತಾರೆ. ಮಗು ನಿನ್ನನ್ನ ತಾಯಿ ಅಂತ ಗುರುತು ಹಿಡೀಬೇಕು. ಇನ್ನೊಂದು, ಕೋರ್ಟಲ್ಲಿ ನೀನೇ ನಿಂತು ನಾನು ಇವಳ ತಾಯಿ ಅಂತ ಹೇಳ್ಬೇಕು. ಉಳಿದಿದ್ದೆಲ್ಲ ನಾನು ಬರೀತೀನಿ, ನಾನು ಮಾತಾಡ್ತೀನಿ. ಅದೊಂದನ್ನ ನಾನು ಹೇಳೋಕಾಗಲ್ಲ. ಎಲ್ಲಿ, ಈಗ ಹೇಳು.”

ಬಾಯಿ ತೆರೆದೆ. ಮತ್ತೆ ಮುಚ್ಚಿದೆ.

“ನನ್ನನ್ನ ನೋಡ್ಬೇಡ. ಒಲೆಗೆ ಹೇಳು.”

ಒಲೆಗೂ ಹೇಳಲಾಗಲಿಲ್ಲ.

* * *

ಎಜೆ ಮಾವನಿಗೆ ಫೋನು ಮಾಡಿ, ನಾನು ಭಾನುವಾರಗಳಂದು ಮಗುವನ್ನು ನೋಡಲು ಬರಬಹುದೆಂದು ಒಪ್ಪಿಸಿದರು. ಮಾವ, “ಸೊಸೆ ಮನೆಗೆ ಬರೋಕೆ ವಕೀಲರ ಅಪ್ಪಣೆ ಯಾಕೆ?” ಎಂದರಂತೆ.

ಪೇಟೆಯಲ್ಲಿ ನನಗೆ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲೇ ಹತ್ತಿರ ಒಂದು ಕೋಣೆ ಹಿಡಿದಿದ್ದೆ. ಭಾನುವಾರ ಬೆಳಿಗ್ಗೆ ವ್ಯಾನು ಹತ್ತಿ ಊರಿಗೆ ಹೋದೆ. ಗೇಟಿನ ಹತ್ತಿರ ನಿಂತು ಚೀಲದಿಂದ ಸೊಸೆಯರು ಕಟ್ಟುವ ಬಿಳಿ ಸ್ಕಾರ್ಫ್ ತೆಗೆದು ಕಟ್ಟಿಕೊಂಡೆ. ಅದನ್ನು ಚೀಲದಲ್ಲಿ ಹಾಕಿಕೊಂಡಿದ್ದು ಯಾವಾಗ ಎಂದು ನನಗೇ ನೆನಪಿರಲಿಲ್ಲ. ಒಳಗೆ ಹೋಗಿ ಅತ್ತೆ ಮಾವನಿಗೆ ಬಾಗಿ ನಮಸ್ಕಾರ ಮಾಡಿದೆ.

“ಒಳ್ಳೇದಾಗ್ಲಿ,” ಎಂದರು ಅತ್ತೆ. “ಸಮೋವರ್ ಕುದೀತಿದೆ ನೋಡು.”

ನಾನು ಬಾಗಿಲ ಪಕ್ಕದ ನನ್ನ ಜಾಗದಲ್ಲಿ ಕೂತು ಸಮೋವರಿನಿಂದ ಚಹಾ ಬಗ್ಗಿಸಿದೆ. ಬಾಗಿಲಿಗೆ ದೂರದ, ಹಿರಿಯರು ಕೂರುವ ಮೇಲಿನ ಜಾಗದಲ್ಲಿ ಮಾವ, ಅವರ ಪಕ್ಕದಲ್ಲಿ ಅತ್ತೆ, ಅತ್ತೆಯ ತೊಡೆಗೆ ಒರಗಿಕೊಂಡು ಸಾಯ್ಕಾಲ್. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅವು ಬಿದ್ದಿದ್ದನ್ನು ನಾನು ನೋಡಿರಲಿಲ್ಲ. ಪೂರ್ತಿ ತುಂಬಿ ಕೊಡುವುದು ನಮ್ಮಲ್ಲಿ ಮರ್ಯಾದೆಯಲ್ಲ; ಬಟ್ಟಲು ಅರ್ಧಕ್ಕಿಂತ ಹೆಚ್ಚು ತುಂಬದೆ ಎಲ್ಲರಿಗೂ ಕೊಟ್ಟೆ, ಖಾಲಿಯಾದ ಬಟ್ಟಲು ಮತ್ತೆ ತುಂಬಿದೆ.

“ಅತ್ತಿಗೆ, ನಂಗೆ ಕೆನೆ ಕೊಡ್ತೀರಾ?” ಎಂದಳು ಸಾಯ್ಕಾಲ್. ಅತ್ತೆಯನ್ನು ಅವಳು ನೀನು ಎನ್ನುತ್ತಿದ್ದಳು. ನನ್ನನ್ನು ನೀವು.

ಪಕ್ಕದ ಮನೆಯ ಬುರ್ಮಾ ಎಜೆ ಉಪ್ಪು ಕೇಳುವ ನೆಪದಲ್ಲಿ ನೋಡಲು ಬಂದಿದ್ದಳು. ನಾನು ಕೊಟ್ಟ ಬಟ್ಟಲು ಹಿಡಿದು, “ನೋಡು ಶಾರ್ಶೆಕನ್,” ಎಂದು ಅತ್ತೆಗೆ ಹೇಳಿದಳು, “ನಿನ್ನ ಸೊಸೆ ನಿನ್ನ ಮೇಲೆ ಕೋರ್ಟಿಗೆ ಹೋಗಿದ್ರೂ ಬಂದು ಚಹಾ ಬಗ್ಗಿಸ್ತಾಳೆ. ನಮ್ಮನೇವಳು ಕೋರ್ಟಿಗೂ ಹೋಗಿಲ್ಲ, ಚಹಾನೂ ಕೊಡಲ್ಲ.” ಮಾವ ನಕ್ಕರು. ಅತ್ತೆಯೂ ನಕ್ಕರು. ನನಗೂ ನಗು ಬಂದು, ಸ್ಕಾರ್ಫಿನ ತುದಿಯಿಂದ ಬಾಯಿ ಮುಚ್ಚಿಕೊಂಡೆ. ಪಾತ್ರೆ ತೊಳೆದು, ಒಲೆಗೆ ಬೆರಣಿ ತಂದು ಹಾಕಿ, ಸಂಜೆಯ ವ್ಯಾನಿಗೆ ಹೊರಟೆ.

ಪೇಟೆಗೆ ಬಂದ ಮೇಲೆ ದಾಮಿರಾ ಎಜೆ ಕೇಳಿದರು. “ಮಗು ಜೊತೆ ಏನು ಮಾತಾಡ್ದೆ?”

“ಕೆನೆ ಬೇಕಾ ಅಂತ ಕೇಳ್ದೆ.”

“ನೀನು ಮಗಳನ್ನ ನೋಡೋಕೆ ಹೋಗಿದ್ಯೋ, ಚಹಾ ಬಗ್ಗಿಸೋಕೆ ಹೋಗಿದ್ಯೋ?”

“ಅವರು ಕೂತಿರುವಾಗ ನಾನು ಸುಮ್ನೆ ಕೂರೋಕಾಗಲ್ಲ, ಎಜೆ.”

“ಆಗಲ್ಲ, ಆಗಲ್ಲ. ಹೆಸರು ಹೇಳೋಕಾಗಲ್ಲ, ಕೂರೋಕಾಗಲ್ಲ. ಮಗಳು ಮಾತ್ರ ಬೇಕು.” ಅವರು ಬೀಜದ ಸಿಪ್ಪೆಯನ್ನು ಕೈಯಿಂದ ಒಟ್ಟುಮಾಡಿ ಒಲೆಗೆ ಸುರಿದರು. “ಆ ಕಚೇರಿಯವಳು ಬರೋಕೆ ಮುಂಚೆ ಮಗೂಗೆ ಹೇಳ್ಬಿಡು. ನಾನೇ ನಿನ್ನ ಹೆತ್ತಿದ್ದು ಅಂತ. ಆ ಮನೇಲಿ ಬೇರೆ ಯಾರೂ ಹೇಳಲ್ಲ.”

ಮುಂದಿನ ಭಾನುವಾರ ಕೊಟ್ಟಿಗೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ಹಾಲು ಕರೆಯುತ್ತಿದ್ದೆ. ಸಾಯ್ಕಾಲ್ ಕರುವಿನ ಹಗ್ಗ ಹಿಡಿದುಕೊಂಡಿದ್ದಳು. ಚಳಿಗೆ ಅವಳ ಕೆನ್ನೆ ಒಡೆದಿತ್ತು. ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡಿದ್ದರಿಂದ ಅವಳ ಮುಖ ಕಾಣುತ್ತಿರಲಿಲ್ಲ. ಹಾಗಾಗಿಯೇ ಹೇಳಲು ಸಾಧ್ಯವಾಯಿತು.

“ಸಾಯ್ಕಾಲ್, ನೀನು ನನ್ನ ಹೊಟ್ಟೇಲಿ ಹುಟ್ಟಿದವಳು.”

ಅವಳು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. “ಸುಳ್ಳು. ಅಮ್ಮ ನನ್ನನ್ನ ಬೆಟ್ಟದ ಹುಲ್ಲುಗಾವಲಲ್ಲಿ ಕುದುರೆ ಹೆಜ್ಜೇಲಿ ಹೆಕ್ಕಿದ್ದಂತೆ.”

“ಅದು ಕತೆ. ನಿಜವಾಗ್ಲೂ ನಾನೇ.”

“ಹಂಗಾದ್ರೆ ಈ ಕರು?”

“ಕರು ಹಸುವಿನ ಹೊಟ್ಟೇಲಿ.”

ಅವಳು ಕರುವನ್ನು ನೋಡಿದಳು, ಹಸುವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹಗ್ಗ ಬಿಟ್ಟು ಮನೆಯ ಕಡೆ ಓಡಿದಳು. ನಾನು ಬಕೆಟ್ಟು ಹಿಡಿದು ಒಳಗೆ ಹೋಗುವಷ್ಟರಲ್ಲಿ ಎಲ್ಲರೆದುರು ನಗುತ್ತಾ ಹೇಳುತ್ತಿದ್ದಳು. “ಅಮ್ಮಾ, ಕೇಳಿಲ್ಲಿ, ಅತ್ತಿಗೆ ನನ್ನನ್ನ ಕರು ಹಾಕಿದ ಹಾಗೆ ಹಾಕಿದ್ರಂತೆ.”

ಮಾವ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅತ್ತೆ ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿದರು. ಮತ್ತೆ ನಾದಿದರು. ಆ ದಿನ ನನಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಹೊರಡುವಾಗ ಗೇಟಿನವರೆಗೂ ಬಂದರು. ಹಿಟ್ಟು ಒಣಗಿದ ಕೈಯಿಂದ ನನ್ನ ತೋಳು ಹಿಡಿದರು.

“ಜಿಪಾರ್, ನಿಂಗೆ ಇಪ್ಪತ್ತೈದು. ನಾಳೆ ಇನ್ನೊಬ್ಬ ಗಂಡ ಸಿಗ್ತಾನೆ, ಬೇಕಾದಷ್ಟು ಹೆರ್ತೀಯ. ನಾನು ಎಲ್ಲಿಂದ ತರ್ಲಿ? ಇದ್ದ ಒಬ್ಬ ಮಗ ರಷ್ಯಾದ ಪಾಲಾದ. ಅವನನ್ನ ಕೂಡ ನಾನು ಬೆಳೆಸ್ಲಿಲ್ಲ, ನಮ್ಮತ್ತೆ ಬೆಳೆಸಿದ್ದು. ನನ್ನ ಕೌದೀಲಿ ಮಲಗಿ ಬೆಳೆದಿದ್ದು ಇದೊಂದೇ.”

ವ್ಯಾನಿನವನು ಹಾರ್ನು ಹಾಕಿದ. ಅತ್ತೆ ನನ್ನ ತೋಳಿನ ಮೇಲೆ ಬಿದ್ದ ಹಿಟ್ಟಿನ ಪುಡಿಯನ್ನು ಕೊಡವಿ ಕಳಿಸಿದರು.

* * *

ಮಕ್ಕಳ ಕಚೇರಿಯ ಹೆಂಗಸು ಬಂದಿದ್ದು ಆ ವಾರದಲ್ಲೇ. ನಾನೂ ಅಲ್ಲಿರಬೇಕೆಂದು ಕರೆಸಿದ್ದರು. ಅವಳು ಚಿಕ್ಕವಳು, ನನ್ನದೇ ವಯಸ್ಸು, ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಸಾಯ್ಕಾಲ್‌ಗೆ ಚಾಕೊಲೇಟು ಕೊಟ್ಟು, ಎಲ್ಲಿ ಮಲಗ್ತೀಯ, ಬೆಳಿಗ್ಗೆ ಏನು ತಿಂತೀಯ ಎಂದೆಲ್ಲ ಕೇಳಿ, ಕೊನೆಗೆ ನನ್ನ ಕಡೆ ತೋರಿಸಿದಳು.

“ಇವರು ಯಾರು, ಪುಟ್ಟಿ?”

“ಅತ್ತಿಗೆ.”

“ನಿನ್ನಮ್ಮ ಯಾರು?”

ಸಾಯ್ಕಾಲ್ ಅತ್ತೆಯ ಬೆನ್ನ ಹಿಂದೆ ಹೋಗಿ, ಅವರ ಕುತ್ತಿಗೆಗೆ ಎರಡೂ ಕೈ ಹಾಕಿ ಜೋತುಬಿದ್ದಳು. ಅತ್ತೆ ನನ್ನ ಕಡೆ ನೋಡಲಿಲ್ಲ. ನಾನು ಅವರ ಕಡೆಯೇ ನೋಡುತ್ತಿದ್ದೆ. ಗೆದ್ದವರ ಮುಖ ಹಾಗಿರುವುದಿಲ್ಲ.

ಎಜೆಗೆ ಆ ವರದಿ ಸಿಕ್ಕಿದಾಗ ಓದಿ ಮಡಚಿ ಇಟ್ಟರು. “ಇದು ಏಟೇ. ಇನ್ನು ನಿನ್ನ ಬಾಯೊಂದೇ ಉಳಿದಿರೋದು, ಜಿಪಾರ್.”

ವಿಚಾರಣೆ ವಸಂತದ ಆರಂಭದಲ್ಲಿ ಬಂತು. ರಸ್ತೆಯ ಹಿಮ ಕರಗಿ ಎಲ್ಲ ಕೆಸರು. ಉಲಾರ್ ಬರಲಿಲ್ಲ. ತನ್ನ ಪರವಾಗಿ ಮಾತಾಡಲು ಅಪ್ಪನಿಗೆ ಅಧಿಕಾರ ಪತ್ರ ಕಳಿಸಿದ್ದ. ಕೋರ್ಟಿನ ಕೋಣೆ ಶಾಲೆಯ ತರಗತಿಯಷ್ಟೇ ದೊಡ್ಡದು. ನಾನು ಮತ್ತು ಎಜೆ ಮುಂದಿನ ಬೆಂಚಿನಲ್ಲಿ ಕೂತಿದ್ದೆವು. ಬಾಗಿಲು ತೆರೆದು ಅತ್ತೆ ಮಾವ ಒಳಗೆ ಬಂದರು. ಮಾವ ಹಬ್ಬಕ್ಕೆ ಹಾಕುವ ಬಿಳಿ ಟೋಪಿ ಹಾಕಿದ್ದರು. ನನಗೇ ಗೊತ್ತಿಲ್ಲದೆ ನಾನು ಎದ್ದುನಿಂತು, ಎದೆಗೆ ಕೈಯಿಟ್ಟು ಬಾಗಿದೆ. ಮೂರು ಸಲ, ಮನೆಯಲ್ಲಿ ಬಾಗುವ ಹಾಗೆಯೇ.

“ನೂರು ವರ್ಷ ಬಾಳು, ಮಗಳೇ,” ಎಂದರು ಮಾವ, ಮನೆಯಲ್ಲಿ ಹೇಳುವ ಹಾಗೆಯೇ. ಹೇಳಿದ ಮೇಲೆ ಎಲ್ಲಿದ್ದೇವೆ ಎಂದು ನೆನಪಾಗಿ ಕೆಮ್ಮಿದರು.

ಎಜೆ ನನ್ನ ಕೋಟಿನ ತುದಿ ಹಿಡಿದು ಕೆಳಗೆ ಎಳೆದರು. “ಕೂತ್ಕೋ. ಇನ್ನೇನು ಚಹಾ ಕೊಡ್ತೀಯ ಅಷ್ಟೆ.”

ಅವರು ಹಿಂದಿನ ಬೆಂಚಿನಲ್ಲಿ ಕೂತರು. ನನ್ನ ಬೆನ್ನು ಮಾವನ ಕಡೆಗಾಯಿತು. ಹಾಗೆ ಕೂರಲು ನನ್ನಿಂದ ಆಗಲಿಲ್ಲ. ಒಂದು ಕಡೆಗೆ ತಿರುಗಿ ಗೋಡೆ ನೋಡುವವಳ ಹಾಗೆ ಕೂತೆ. ನ್ಯಾಯಾಧೀಶರು ವಯಸ್ಸಾದವರು, ನರೆತ ಮೀಸೆ. “ಅರ್ಜಿದಾರರೇ, ನಾನು ಈ ಕಡೆ ಇದ್ದೀನಿ,” ಎಂದರು. ತಿರುಗಿದೆ. ಸ್ವಲ್ಪ ಹೊತ್ತಿಗೆ ಮತ್ತೆ ವಾಲಿದೆ. ಅವರು ಹಿಂದಿನ ಬೆಂಚು ನೋಡಿ, ನನ್ನನ್ನು ನೋಡಿ, ಮತ್ತೆ ಆ ಮಾತೆತ್ತಲಿಲ್ಲ.

“ಮಗು ಸದ್ಯ ಯಾರ ಮನೆಯಲ್ಲಿದೆ? ಮನೆಯ ಯಜಮಾನರ ಹೆಸರು ಹೇಳಿ.”

ನಾನು ಎದ್ದು ನಿಂತೆ. ಎಜೆ ಎದ್ದು ಏನೋ ಹೇಳಹೊರಟರು. ಅಷ್ಟರಲ್ಲಿ ಹಿಂದಿನಿಂದ ಮಾವನ ದನಿ ಬಂತು. “ಕೋಜುಬೆಕ್. ನಾನೇ, ಸ್ವಾಮಿ. ಅವಳು ಹೇಳಲ್ಲ. ಅವಳನ್ನ ಒತ್ತಾಯ ಮಾಡ್ಬೇಡಿ.”

ನನಗೆ ಅಳು ಬಂತು. ಅಪ್ಪ ಸತ್ತ ಮೇಲೆ ನನಗೋಸ್ಕರ ಯಾರೂ ಎದ್ದು ಮಾತಾಡಿದ್ದಿಲ್ಲ. ಮಾತಾಡಿದವರು ನಾನು ಯಾರ ಮೇಲೆ ದಾವೆ ಹಾಕಿದ್ದೆನೋ ಅವರು.

ಅತ್ತೆಯ ಸರದಿ ಬಂದಾಗ ಅವರು ಹೆಚ್ಚು ಮಾತಾಡಲಿಲ್ಲ. “ನಲವತ್ತನೇ ದಿನ ತಾನೇ ತಂದು ನನ್ನ ಮಡಿಲಲ್ಲಿ ಹಾಕಿದ್ಲು. ಊರೆಲ್ಲ ನೋಡಿದೆ. ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ಅವಳನ್ನೇ ಕೇಳಿ. ನಾನು ಕಿತ್ಕೊಂಡ್ನಾ, ಜಿಪಾರ್?”

ಇದಕ್ಕೆ ಏನು ಹೇಳಬೇಕೆಂದು ಎಜೆ ಕಲಿಸಿದ್ದರು. ನನ್ನನ್ನು ಯಾರೂ ಕೇಳಲಿಲ್ಲ, ಸಂಪ್ರದಾಯಕ್ಕೆ ಕಟ್ಟುಬಿದ್ದೆ ಎನ್ನಬೇಕಿತ್ತು. ಅತ್ತೆಯ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಿಟ್ಟು ಕಾಣುತ್ತಿತ್ತು. ಬೆಳಿಗ್ಗೆ ರೊಟ್ಟಿ ತಟ್ಟಿ ಬಂದಿರಬೇಕು, ಸಾಯ್ಕಾಲ್‌ಗೆ.

“ಇಲ್ಲ, ಅಮ್ಮ,” ಎಂದೆ. “ನಾನೇ ಕೊಟ್ಟೆ.”

ಎಜೆ ಕಣ್ಣು ಮುಚ್ಚಿಕೊಂಡರು.

“ಹಾಗಾದರೆ ಈಗ ಯಾಕೆ ಕೇಳುತ್ತಿದ್ದೀರಿ?” ಎಂದರು ನ್ಯಾಯಾಧೀಶರು.

ಬೆಂಚಿನ ಅಂಚು ಹಿಡಿದುಕೊಂಡೆ. “ಕೊಟ್ಟಾಗ ನಾನೂ ಅದೇ ಮನೇಲಿದ್ದೆ, ಸ್ವಾಮಿ. ದಿನಾ ಅವಳ ಬಟ್ಟೆ ಒಗೀತಿದ್ದೆ. ತಲೆ ಬಾಚೋದನ್ನ ನೋಡ್ತಿದ್ದೆ. ಅವಳು ಯಾರನ್ನ ಏನಂತ ಕರೆದ್ರೂ ದನಿ ಕೇಳಿಸ್ತಿತ್ತು. ಈಗ ಕೇಳಿಸಲ್ಲ.” ಎಜೆ ನನ್ನ ಬೂಟನ್ನು ತಮ್ಮ ಬೂಟಿನಿಂದ ತಟ್ಟಿದರು. “ನಾನು ಅವಳ ತಾಯಿ,” ಎಂದೆ.

ಗಟ್ಟಿಯಾಗಿಯೇ ಬಂತು. ಹಿಂದಿನ ಬೆಂಚಿನಲ್ಲಿ ಅತ್ತೆ ಸಣ್ಣಗೆ ನರಳಿದ್ದು ಕೇಳಿಸಿತು, ಎಲ್ಲೋ ಸುಟ್ಟುಕೊಂಡವರ ಹಾಗೆ.

ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟರು. “ಇದನ್ನ ಬರ್ಕೋಬೇಡ,” ಎಂದು ಗುಮಾಸ್ತನಿಗೆ ಹೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ ಮನೆಯ ಮಾತಿನಲ್ಲೇ ಹೇಳಿದರು. “ನಾನೂ ಅಜ್ಜಿ ಮಗನೇ, ಅಮ್ಮಾ. ಹೆತ್ತವಳನ್ನ ಅತ್ತಿಗೆ ಅಂತಿದ್ದೆ. ಅಜ್ಜಿ ಹೋದಾಗ ಹೆಣ ಇಟ್ಟ ಗುಡಾರದ ಹೊರಗೆ ನಿಂತು ಅಮ್ಮಾ ಅಮ್ಮಾ ಅಂತ ಕೂಗಿ ಅತ್ತಿದ್ದೆ. ಹೆತ್ತವಳು ಹೋದಾಗ್ಲೂ ಗಂಡಸರೆಲ್ಲ ಸಾಲಾಗಿ ನಿಂತು ಕೂಗ್ತಿದ್ರು. ನಾನು ಏನಂತ ಕೂಗಬೇಕು ಅಂತ ತಿಳೀಲಿಲ್ಲ. ಸುಮ್ನೆ ನಿಂತಿದ್ದೆ. ಜನ ನನ್ನನ್ನ ಕಲ್ಲುಹೃದಯದವನು ಅಂದ್ರು.”

ಅವರು ಕನ್ನಡಕ ಹಾಕಿಕೊಂಡು ಮುಂದಿನ ಕಾಗದ ತೆಗೆದರು.

ತೀರ್ಪು ನನ್ನ ಕಡೆ ಆಯಿತು. ಮದುವೆ ಮುರಿಯಿತು. ಮಗು ತಾಯಿಯ ಜೊತೆ ಇರಬೇಕು, ಆದರೆ ಶಾಲೆ ಶುರುವಾಗುವವರೆಗೆ ಅಜ್ಜಿ ತಾತನ ಮನೆಯಲ್ಲೇ ಇರಲಿ, ಬೇಸಿಗೆಯ ರಜೆಗಳಲ್ಲಿ ಅಲ್ಲಿಗೆ ಹೋಗಲಿ ಎಂದು ಬರೆದಿದ್ದರು. ಹೊರಗೆ ಕೆಸರಿನಲ್ಲಿ ಎಜೆ ನನ್ನನ್ನು ತಬ್ಬಿಕೊಂಡರು. “ಗೆದ್ವಿ ಕಣೆ. ಅರ್ಧ ನೀನೇ ಸೋಲಿಸಿದ್ದೆ, ಆದ್ರೂ ಗೆದ್ವಿ. ಯಾಕೆ ಹಂಗೆ ನಿಂತಿದ್ದೀಯ?”

ಅತ್ತೆ ಮಾವ ರಸ್ತೆಯ ಆಚೆ ವ್ಯಾನಿಗೆ ಕಾಯುತ್ತಿದ್ದರು. ಅತ್ತೆಯ ಬೂಟಿನ ತುಂಬ ಕೆಸರಾಗಿತ್ತು. ಮಾವ ಬಗ್ಗಿ ಒಂದು ಕಡ್ಡಿಯಿಂದ ಅದನ್ನು ಕೆರೆದು ತೆಗೆಯುತ್ತಿದ್ದರು. ಗಂಡಸರು ಹೆಂಡತಿಯ ಬೂಟು ಮುಟ್ಟುವುದನ್ನು ನಾನು ಎಲ್ಲೂ ನೋಡಿರಲಿಲ್ಲ.

* * *

ಶಾಲೆ ಶುರುವಾಗುವ ಹಿಂದಿನ ದಿನ ಕರೆತರಲು ಹೋದೆ. ಆ ಬೇಸಿಗೆಯೆಲ್ಲ ಅವರು ಸಾಯ್ಕಾಲ್‌ಳನ್ನು ಹುಲ್ಲುಗಾವಲಿನಲ್ಲೇ ಇಟ್ಟುಕೊಂಡಿದ್ದರು. ಅಲ್ಲಿಗೆ ವ್ಯಾನು ಹೋಗುವುದಿಲ್ಲ, ಹಾಗಾಗಿ ನಾನು ನೋಡಲು ಹೋಗಲಾಗಿರಲಿಲ್ಲ.

ಅವಳು ಕಪ್ಪಗಾಗಿದ್ದಳು, ಹೊಸ ಹಲ್ಲು ಬಂದಿತ್ತು. ಅಂಗಳದಲ್ಲಿ ಮಾವ ಅವಳ ಚೀಲಕ್ಕೆ ಹಗ್ಗ ಬಿಗಿಯುತ್ತಿದ್ದರು. ಒಂದು ಚಿಕ್ಕ ಕೌದಿ ಸುತ್ತಿಟ್ಟಿತ್ತು. ಹೊಸದಲ್ಲ. ಅತ್ತೆ ತಮ್ಮ ಕೌದಿಯನ್ನೇ ಅರ್ಧಕ್ಕೆ ಕತ್ತರಿಸಿ ಅಂಚು ಹೊಲಿದಿದ್ದರು. ಹೊಲಿಗೆಯವಳಿಗೆ ಅದು ನೋಡಿದ ಕೂಡಲೇ ತಿಳಿಯುತ್ತದೆ.

“ಅಮ್ಮ ಎಲ್ಲಿ?” ಎಂದು ಮಾವನನ್ನು ಕೇಳಿದೆ.

“ಒಳಗೆ. ಬರಲ್ಲ ಅಂತಾಳೆ.” ಅವರು ಸಾಯ್ಕಾಲ್‌ಳ ತಲೆ ಸವರಿದರು. “ಅತ್ತಿಗೆ ಜೊತೆ ಪೇಟೆಗೆ ಹೋಗ್ಬಿಟ್ಟು ಬಾ, ಮಗಳೇ. ಶಾಲೆ ನೋಡ್ಕೊಂಡು ಬಾ.”

ಅವಳಿಗೆ ಏನು ಹೇಳಿದ್ದಾರೆ ಎಂದು ಆಗ ತಿಳಿಯಿತು. ನೆಂಟರ ಮನೆಗೆ ಹೊರಟವಳಂತೆ ಅವಳು ಕುಣಿಯುತ್ತಾ ವ್ಯಾನು ಹತ್ತಿದಳು. ಮನೆಯ ಕಿಟಕಿಯ ಪರದೆ ಅಲುಗಾಡಲಿಲ್ಲ. ನಾನು ಮುಚ್ಚಿದ ಬಾಗಿಲಿಗೇ ಬಾಗಿ ನಮಸ್ಕಾರ ಮಾಡಿ ವ್ಯಾನು ಹತ್ತಿದೆ.

ನನ್ನ ಕೋಣೆಗೆ ಬಂದಾಗ ಅವಳನ್ನು ಮೇಲಿನ ಜಾಗದಲ್ಲಿ ಕೂರಿಸಿದೆ. ಬ್ರೆಡ್ಡು, ಕೆನೆ, ಜಾಮು, ಹಿಂದಿನ ದಿನ ಹಿಟ್ಟಿನ ತುಂಡು ಕರಿದಿಟ್ಟ ಬೋರ್ಸೋಕ್ ಎಲ್ಲ ಹರಡಿದೆ. ಅವಳು ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಬಂದು ಬಾಗಿಲ ಪಕ್ಕದಲ್ಲಿ ಕೂತಳು. ಎರಡೂ ಕೈಯಿಂದ ಚಹಾ ಪಾತ್ರೆ ಎಳೆದುಕೊಂಡು ಬಟ್ಟಲಿಗೆ ಬಗ್ಗಿಸಿದಳು. ಅರ್ಧದಷ್ಟೇ, ಒಂದು ತೊಟ್ಟೂ ಚೆಲ್ಲದೆ.

“ಯಾರು ಕಲಿಸಿದ್ರು?”

“ನಿಮ್ಮನ್ನ ನೋಡಿ ಕಲ್ತೆ, ಅತ್ತಿಗೆ.”

ಮಲಗುವಾಗ ಕೌದಿಯೊಳಗೆ ಮುಖ ತೂರಿಸಿ ಮೂಸಿದಳು. “ಅಮ್ಮ ಯಾವಾಗ ಬರ್ತಾಳೆ?” ಎಂದಳು. ನನಗೆ ಸುಳ್ಳು ಹೇಳಲಾಗಲಿಲ್ಲ, ನಿಜವನ್ನೂ ಹೇಳಲಾಗಲಿಲ್ಲ. “ಮಲಗು,” ಎಂದೆ.

ಬೆಳಿಗ್ಗೆ ಅವಳ ತಲೆಗೆ ದೊಡ್ಡ ಬಿಳಿ ರಿಬ್ಬನ್ನು ಕಟ್ಟಿದೆ. ಮೊದಲ ಸಲ ನಾನು ಅವಳ ಜಡೆ ಹಾಕಿದ್ದು. ಒಂದು ಮೇಲೆ, ಒಂದು ಕೆಳಗೆ ಆಯಿತು. ಶಾಲೆಯ ಅಂಗಳದಲ್ಲಿ ಹೂವು ಹಿಡಿದ ಮಕ್ಕಳು, ಮೊಬೈಲಿನಲ್ಲಿ ಫೋಟೋ ತೆಗೆಯುವ ತಂದೆ ತಾಯಂದಿರು. ಒಂದನೇ ತರಗತಿಯ ಉಪಾಧ್ಯಾಯಿನಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನಮ್ಮ ಮುಂದಿದ್ದ ಹುಡುಗಿ ಅಮ್ಮನ ಕೈ ಬಿಡದೆ ಅಳುತ್ತಿದ್ದಳು. ಸಾಯ್ಕಾಲ್ ಅವಳನ್ನು ಬೆರಗಿನಿಂದ ನೋಡುತ್ತಿದ್ದಳು.

“ನಿನ್ನ ಹೆಸರೇನು, ಚಿನ್ನ?”

“ಸಾಯ್ಕಾಲ್.”

“ಯಾರ ಜೊತೆ ಬಂದಿದ್ದೀಯ? ಇವರು ಅಮ್ಮನಾ?”

“ಅಲ್ಲ. ಅತ್ತಿಗೆ. ನಮ್ಮಮ್ಮ ಊರಲ್ಲಿದಾಳೆ.”

ಉಪಾಧ್ಯಾಯಿನಿ ಕೈಯಲ್ಲಿದ್ದ ಹಾಳೆ ನೋಡಿದರು. ಅಲ್ಲಿ ತಾಯಿ ಎಂದು ನನ್ನ ಹೆಸರಿತ್ತು. ತಲೆಯೆತ್ತಿ ನನ್ನನ್ನು ನೋಡಿದರು. ಹಿಂದೆ ನಿಂತಿದ್ದವರೂ ನೋಡಿದರು. ಸಾಯ್ಕಾಲ್ ನನ್ನ ಬೆರಳು ಹಿಡಿದುಕೊಂಡಿದ್ದಳು. ಅವಳ ಕೈ ಬೆವರಿತ್ತು. ಇಷ್ಟು ಜನರ ಮುಂದೆ ಮೊದಲ ದಿನವೇ ಅವಳನ್ನು ಸುಳ್ಳು ಹೇಳುವ ಹುಡುಗಿಯನ್ನಾಗಿ ಮಾಡುವುದಕ್ಕೆ ನನಗೆ ಒಂದೇ ಒಂದು ಮಾತು ಸಾಕಾಗಿತ್ತು. ಆ ಮಾತನ್ನು ಕೋರ್ಟಿನಲ್ಲಿ ಒಮ್ಮೆ ಹೇಳಿದ್ದೆ.

“ಹೌದು,” ಎಂದೆ. “ನಾನು ಅವಳ ಅತ್ತಿಗೆ.”

ಉಪಾಧ್ಯಾಯಿನಿ ಹಾಳೆಯಲ್ಲಿ ಗುರುತು ಹಾಕಿ ಸಾಯ್ಕಾಲ್‌ಳ ಭುಜ ಹಿಡಿದು ಒಳಗೆ ಕಳಿಸಿದರು. ಅವಳು ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು.

“ಅತ್ತಿಗೆ, ನೀವು ಇಲ್ಲೇ ಬಾಗಿಲ ಹತ್ರ ಇರಿ. ಅಮ್ಮ ಬಂದ್ರೆ ನಾನು ಈ ಕೋಣೇಲಿ ಇದೀನಿ ಅಂತ ಹೇಳಿ.”

“ಹೇಳ್ತೀನಿ,” ಎಂದೆ.

ಗಂಟೆ ಹೊಡೆಯಿತು. ತಾಯಂದಿರು ಒಬ್ಬೊಬ್ಬರಾಗಿ ಹೊರಟುಹೋದರು. ಕಾರ್ಖಾನೆಗೆ ಹೊತ್ತಾಗುತ್ತಿತ್ತು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ.